ಎರೆ ಹೊಲದ ಅಡಿಯಲ್ಲಿ ಉಳಿದ ಹಾಳೆ: ರಾಣೆಬೆನ್ನೂರು ತಾಲೂಕಿನ ಎರಡು ಎಕರೆ ಮೆಣಸಿನ ಹೊಲದ ಪ್ರಕರಣ

ಗುಜರಿ ವ್ಯಾಪಾರಿ ಟಂಟಂ ನಿಲ್ಲಿಸಿ ಇಳಿದವನೇ ಬೇವಿನ ಮರದ ಕೆಳಗಿನ ರಾಶಿಯಿಂದ, ಮೆಣಸಿನ ಮಡಿಗಳಿಗೆ ಹಾಸಿ ಕಿತ್ತ ಪ್ಲಾಸ್ಟಿಕ್ ಹಾಳೆಯ ಒಂದು ಮುದ್ದೆಯನ್ನು ಎಳೆದು ಎರಡು ಸಲ ಜಾಡಿಸಿದನು. ಹಿಡಿಗಾತ್ರದ ಎರೆಮಣ್ಣಿನ ಹೆಂಟೆಯೊಂದು ಕಳಚಿ ಅವನ ಚಪ್ಪಲಿಯ ಮೇಲೆ ಬಿತ್ತು. ಹಾಳೆಯ ಮಡಿಕೆಗಳೊಳಗೆ ಅದಕ್ಕಿಂತ ಹೆಚ್ಚು ಮಣ್ಣು ಇನ್ನೂ ಕಚ್ಚಿಕೊಂಡಿತ್ತು. "ನಾವು ಪ್ಲಾಸ್ಟಿಕ್ ತಗೋತೀವ್ರಿ ಯಜಮಾನ್ರ, ಹೊಲಾ ತಗೋಳೂದಿಲ್ಲ" ಎಂದು ನನ್ನ ಮಾವನವರಿಗೆ ಹೇಳಿ, ಮೂಲೆಯಲ್ಲಿದ್ದ ಒಡೆದ ಕೊಡಗಳನ್ನೂ ಹಳೆಯ ಡ್ರಿಪ್ ಪೈಪಿನ ಸುರುಳಿಯನ್ನೂ ಮಾತ್ರ ತೂಗಿ, ಹಣ ಎಣಿಸಿಕೊಟ್ಟು ಹೊರಟುಹೋದನು. 2025ರ ಜನವರಿಯಲ್ಲಿ ನಡೆದ ಈ ವ್ಯವಹಾರ ಐದು ನಿಮಿಷದ್ದು. ಆ ರಾಶಿ ಮರದ ಕೆಳಗೆ ಬಂದದ್ದು ಹೇಗೆ, ಅಲ್ಲಿಗೆ ಬಾರದೆ ಹೊಲದಲ್ಲೇ ಉಳಿದದ್ದು ಎಷ್ಟು, ಉಳಿದದ್ದು ಏನು ಮಾಡುತ್ತಿದೆ ಎಂಬುದನ್ನು ತಿಳಿಯಲು ನನಗೆ ಹಲವು ತಿಂಗಳು ಹಿಡಿದವು.

ನಾನು ಈ ಮನೆಯ ಅಳಿಯ. ಹೀಗಾಗಿ ಹೊರಗಿನವನ ನಿರ್ಲಿಪ್ತತೆ ನನಗಿದೆ ಎಂದು ಹೇಳಿಕೊಳ್ಳಲಾರೆ. ಆದರೆ ಹೊರಗಿನವನಿಗೆ ಸಿಗದ ಖರ್ಚಿನ ಪುಸ್ತಕ, ರೋಲುಗಳ ಚೀಟಿ, ಮನೆಯವರ ಬೇಸರದ ಮಾತು ಎಲ್ಲವೂ ನನಗೆ ಸಿಕ್ಕಿವೆ. ಹೆಸರು ಮತ್ತು ಊರನ್ನು ಬರೆಯಬಾರದೆಂಬುದು ಅವರ ಷರತ್ತು, ಅದನ್ನು ಪಾಲಿಸಿದ್ದೇನೆ.

ಹೊಲ ಮತ್ತು ಹಾಳೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ಕಡೆಗೆ ನೀರು ಇಳಿಯುವ ಒಂದು ಹಳ್ಳಿಯಲ್ಲಿ ಈ ಕುಟುಂಬಕ್ಕೆ ಐದು ಎಕರೆ ಎರೆ ಭೂಮಿಯಿದೆ. ಮೂರು ಎಕರೆಯಲ್ಲಿ ಮಳೆ ನಂಬಿ ಮೆಕ್ಕೆಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಾರೆ. ಉಳಿದ ಎರಡು ಎಕರೆಗೆ ಬೋರ್‌ವೆಲ್ ನೀರಿದೆ. ಅಲ್ಲಿ ಹಸಿಮೆಣಸಿನಕಾಯಿ, ಅದು ಮುಗಿದ ಮೇಲೆ ಒಮ್ಮೊಮ್ಮೆ ಸೌತೆ. ಈ ತಾಲೂಕಿನಲ್ಲಿ ಸಂಕರಣ ತರಕಾರಿ ಬೀಜೋತ್ಪಾದನೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣಾಳುಗಳು ಬೇಕು, ಅದಕ್ಕೆ ಪಗಾರವೂ ಹೆಚ್ಚು. ಹೊಲದ ಕಸ, ಅಂದರೆ ಕಳೆ, ತೆಗೆಯಲು ಆಳು ಸಿಗದಿರುವುದಕ್ಕೆ ಊರಿನವರು ಹೇಳುವ ಮೊದಲ ಕಾರಣ ಇದೇ.

ಪ್ಲಾಸ್ಟಿಕ್ ಹೊದಿಕೆ, ಅಂದರೆ ಊರಿನ ಬಾಯಲ್ಲಿ 'ಮಲ್ಚಿಂಗ್ ಪೇಪರ್', ಈ ಹೊಲಕ್ಕೆ 2021ರ ಮುಂಗಾರಿನಲ್ಲಿ ಬಂದದ್ದು ಈ ಕಾರಣಕ್ಕಾಗಿಯೇ. ಅದನ್ನು ದೂರುವ ಮೊದಲು ಅದು ಮಾಡಿದ ಕೆಲಸವನ್ನು ಒಪ್ಪಬೇಕು. ಮಡಿಯ ಮೇಲೆ ಹಾಸಿದ ಹಾಳೆಯ ಕೆಳಮೈ ಕಪ್ಪು. ಬೆಳಕು ಸಿಗದೆ ಕಸ ಮೊಳೆಯುವುದಿಲ್ಲ. ಮೇಲ್ಮೈ ಬೆಳ್ಳಿ ಬಣ್ಣದ್ದು. ಅದರಿಂದ ಪ್ರತಿಫಲಿಸುವ ಬೆಳಕಿಗೆ ಸಸ್ಯಹೇನು, ಥ್ರಿಪ್ಸ್, ಬಿಳಿನೊಣದಂಥ ರಸ ಹೀರುವ ಕೀಟಗಳು ಕಕ್ಕಾಬಿಕ್ಕಿಯಾಗಿ ಗಿಡಕ್ಕೆ ಇಳಿಯುವುದು ಕಡಿಮೆಯಾಗುತ್ತದೆ, ಎಲೆ ಮುಟುರು ರೋಗವೂ ತಡವಾಗಿ ಬರುತ್ತದೆ. ಮಣ್ಣಿನ ತೇವ ಆರುವುದಿಲ್ಲವಾದ್ದರಿಂದ ಬೋರ್ ಓಡಿಸುವ ತಾಸುಗಳು ಇಳಿಯುತ್ತವೆ. ಮೊದಲ ವರ್ಷದ ಮೆಣಸು ಮಾವನವರ ಮಾತಿನಲ್ಲಿ 'ಕಣ್ಣಿಗೆ ಹಬ್ಬ' ಆಗಿತ್ತು.

ಆ ವರ್ಷದ ಹಾಳೆ ಇಲಾಖೆಯ ಸಹಾಯಧನದಲ್ಲಿ ತೆಗೆದುಕೊಂಡದ್ದು, 30 ಮೈಕ್ರಾನ್ ದಪ್ಪದ್ದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 2022ರ ಫೆಬ್ರುವರಿಯಲ್ಲಿ ಗಿಡ ಕಿತ್ತ ಮೇಲೆ ಹಾಳೆಯನ್ನು ಮಡಿಯ ತುದಿಯಲ್ಲಿ ಹಿಡಿದು ಎಳೆದಾಗ ಅದು ಉದ್ದುದ್ದ ಪಟ್ಟಿಯಾಗಿಯೇ ಎದ್ದು ಬಂತು. ಹಾಗೆ ಬಂದದ್ದನ್ನು ಬದುವಿನ ಮೇಲೆ ಒಟ್ಟಿದರು, ಬೇಸಿಗೆಯಲ್ಲಿ ಬೆಂಕಿ ಹಚ್ಚಿದರು. ಈ ಬೆಂಕಿಯ ವಿಷಯಕ್ಕೆ ಮುಂದೆ ಬರುತ್ತೇನೆ.

ತೂಕ ತಪ್ಪಿದ ರೋಲು

ಎರಡನೆಯ ವರ್ಷ ಸಹಾಯಧನದ ಸರದಿ ಬರಲಿಲ್ಲ. ಮಾವನವರು ಅಂಗಡಿಯಲ್ಲಿ ಕೈಯಿಂದ ರೊಕ್ಕ ಕೊಟ್ಟು ತಂದರು. ಚೀಟಿಯ ಮೇಲೆ 25 ಮೈಕ್ರಾನ್, 1.2 ಮೀಟರ್ ಅಗಲ, 400 ಮೀಟರ್ ಉದ್ದ ಎಂದು ಅಚ್ಚಾಗಿತ್ತು. ಮರುವರ್ಷಕ್ಕೂ ಸೇರಿಸಿ ಒಂದೇ ಸಲ ಕೊಂಡರೆ ರೋಲಿಗೆ ಇಷ್ಟು ಬಿಡುತ್ತೇವೆ ಎಂದದ್ದರಿಂದ ಎರಡು ವರ್ಷದ ಮಾಲು ಒಟ್ಟಿಗೆ ಮನೆಗೆ ಬಂತು.

ಪಾಲಿಥಿನ್ ಹಾಳೆಯ ದಪ್ಪವನ್ನು ಕಣ್ಣಿನಿಂದ ಹೇಳಲಾಗದು, ಕೈಯಿಂದ ಸವರಿ ಹೇಳುವುದೂ ಭ್ರಮೆಯೇ. ಆದರೆ ತೂಕ ಹೇಳುತ್ತದೆ. ಇದರ ಲೆಕ್ಕ ಸರಳ: 1.2 ಮೀಟರ್ ಅಗಲದ 400 ಮೀಟರ್ ಹಾಳೆಯ ವಿಸ್ತೀರ್ಣ 480 ಚದರ ಮೀಟರ್. ಈ ಜಾತಿಯ ಪಾಲಿಥಿನ್ನಿನ ಸಾಂದ್ರತೆ ನೀರಿಗಿಂತ ತುಸು ಕಡಿಮೆ, ಲೀಟರಿಗೆ ಸುಮಾರು 920 ಗ್ರಾಂ. ಅದರಂತೆ 30 ಮೈಕ್ರಾನಿನ ರೋಲು 13 ಕೆ.ಜಿ.ಗೆ ತುಸು ಮೇಲಿರಬೇಕು, 25 ಮೈಕ್ರಾನಿನದು 11 ಕೆ.ಜಿ. ಇರಬೇಕು. ಅಟ್ಟದ ಮೇಲೆ ಬಿಚ್ಚದೆ ಉಳಿದಿದ್ದ ಒಂದು ರೋಲನ್ನು ನಾನು ಮನೆಯ ಕಾಟಾಕ್ಕೆ ಏರಿಸಿದಾಗ, ಒಳಗಿನ ರಟ್ಟಿನ ಕೊಳವೆ ಕಳೆದು, ಬಂದದ್ದು 8 ಕೆ.ಜಿ. ಇದು 18 ಮೈಕ್ರಾನಿನ ತೂಕ. ಕಾಟಾದ ಮೇಲಿನ ಸಂಶಯವನ್ನು ನೀಗಿಸಿಕೊಳ್ಳಲು ಹಾಳೆಯನ್ನು ಹತ್ತು ಪದರ ಮಡಿಸಿ ಸ್ಕ್ರೂ ಗೇಜಿನಲ್ಲಿ ಅಳೆದೆ, ಅದೂ 0.18 ಮಿಲಿಮೀಟರನ್ನೇ ತೋರಿಸಿತು. ಅಂಗಡಿಯವನಿಗೆ ಇದು ಗೊತ್ತಿತ್ತೋ, ಅವನೂ ಚೀಟಿಯನ್ನೇ ನಂಬಿದ್ದನೋ ಹೇಳಲಾರೆ. ರಸಗೊಬ್ಬರದ ಚೀಲವನ್ನು ತೂಗಿ ನೋಡುವ ರೈತ ಈ ರೋಲನ್ನು ಮಾತ್ರ ಎಣಿಸಿ ತರುತ್ತಾನೆ ಎಂಬುದಷ್ಟೇ ನನಗೆ ಖಚಿತವಾಗಿ ಗೊತ್ತಾದ ಸಂಗತಿ.

ತೆಳುವಾದ ಹಾಳೆಯಿಂದ ಬೆಳೆಗೆ ತೊಂದರೆಯಾಗಲಿಲ್ಲ. ಕಸವನ್ನು ಅದೂ ತಡೆಯಿತು, ತೇವವನ್ನು ಅದೂ ಹಿಡಿಯಿತು. ಕಡಿಮೆ ರೊಕ್ಕಕ್ಕೆ ಅದೇ ಫಲ ಎಂದು ಮನೆಯವರು ಖುಷಿಪಟ್ಟರೆ ಅದರಲ್ಲಿ ತಪ್ಪು ಕಾಣುವುದಿಲ್ಲ. ತೆಳುವಾದದ್ದರ ಬೆಲೆ ತಿಳಿಯುವುದು ಹಾಸುವ ದಿನವಲ್ಲ, ಕೀಳುವ ದಿನ.

ಹದ ತಪ್ಪಿದ ದಿನ

2023ರ ಫೆಬ್ರುವರಿಯಲ್ಲಿ ಮೆಣಸಿನ ಗಿಡ ಕಿತ್ತ ಮೇಲೆ, ಹಾಳೆ ಇನ್ನೂ ಗಟ್ಟಿಯಾಗಿಯೇ ಇದೆಯೆಂದು ಅದೇ ತೂತುಗಳಲ್ಲಿ ಸೌತೆಯ ಬೀಜ ಊರಿದರು. ಹೀಗೆ ಒಂದು ಹಾಳೆಗೆ ಎರಡು ಬೆಳೆ ತೆಗೆಯುವುದು ಊರಿನಲ್ಲಿ ರೂಢಿ. ಸೌತೆಯ ಬಳ್ಳಿ ಮಡಿಯನ್ನು ಮುಚ್ಚುವವರೆಗೆ ಮಾರ್ಚಿನ ಬಿಸಿಲು ನೇರವಾಗಿ ಹಾಳೆಯ ಮೇಲೆಯೇ ಬಿತ್ತು. ಪಾಲಿಥಿನ್ನಿನ ಉದ್ದನೆಯ ಅಣುಸರಪಳಿಗಳನ್ನು ನೇರಳಾತೀತ ಕಿರಣ ಮತ್ತು ಶಾಖ ಕತ್ತರಿಸುತ್ತವೆ. ಇದನ್ನು ತಡೆಯಲು ಹಾಳೆಯಲ್ಲಿ ಸೇರಿಸುವ ರಕ್ಷಕ ರಾಸಾಯನಿಕ, ಹಾಳೆ ತೆಳುವಾದಷ್ಟೂ ಬೇಗ ಸೋಲುತ್ತದೆ. ಇದರ ಜೊತೆಗೆ ಮೆಣಸಿನ ಬೂದಿರೋಗಕ್ಕೆಂದು ಸಿಂಪಡಿಸುವ ಗಂಧಕವೂ ಆ ರಕ್ಷಕವನ್ನು ಕೆಡಿಸುತ್ತದೆ. ಹೀಗಾಗಿ ಬೆಳೆಯನ್ನು ಉಳಿಸುವ ಸಿಂಪಡಣೆಯೇ ಹಾಳೆಯನ್ನು ಸವೆಸುತ್ತ ಬಂದಿತ್ತು. ಏಪ್ರಿಲ್ ಮುಗಿಯುವ ಹೊತ್ತಿಗೆ ಹಾಳೆ ಹಪ್ಪಳದಂತೆ ಮುರಿಯತೊಡಗಿತ್ತು.

ಇಲ್ಲಿ ಎರೆ ಮಣ್ಣಿನ ಗುಣವನ್ನು ಹೇಳಬೇಕು, ಏಕೆಂದರೆ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಈ ಕಥೆ ಬೇರೆಯಾಗುತ್ತಿತ್ತು. ಹಾಳೆಯ ಎರಡೂ ಅಂಚುಗಳನ್ನು ಗಾಳಿಗೆ ಹಾರದಂತೆ ಮಣ್ಣಿನಲ್ಲಿ ಹೂತಿರುತ್ತಾರೆ. ಎರೆ ಒಣಗಿದರೆ ಆ ಅಂಚು ಇಟ್ಟಿಗೆಯಲ್ಲಿ ಸಿಕ್ಕಿದಂತಾಗುತ್ತದೆ. ಎಳೆದರೆ ಹಾಳೆ ಹರಿದು ಅಂಚು ಒಳಗೇ ಉಳಿಯುತ್ತದೆ. ಎರೆ ಹಸಿಯಾಗಿದ್ದರೆ ಅಂಟಿನಂತೆ ಮೆತ್ತಿಕೊಂಡು ಒಂದು ಮಾರು ಹಾಳೆಯ ಜೊತೆಗೆ ಒಂದು ಬುಟ್ಟಿ ಮಣ್ಣು ಏಳುತ್ತದೆ. ಇವೆರಡರ ನಡುವೆ, ಮೇಲ್ಪದರ ಆರಿ ಒಳಗೆ ಸ್ವಲ್ಪ ತಂಪಿರುವ ಎರಡು ಮೂರು ದಿನಗಳಷ್ಟೇ ಹಾಳೆ ಬಿಡಿಯಾಗಿ ಬರುತ್ತದೆ. ಬಿತ್ತುವುದಕ್ಕೆ ಹದವಿದೆ ಎಂಬುದು ಈ ಹೊಲದಲ್ಲಿ ಮೂರು ತಲೆಮಾರಿಗೆ ಗೊತ್ತು. ಪೇಪರ್ ಕೀಳುವುದಕ್ಕೂ ಒಂದು ಹದವಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

2023ರ ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಿತ್ತು. ಮರುದಿನವೇ ಟ್ರ್ಯಾಕ್ಟರಿನವನು ರೋಟಾವೇಟರ್ ಕಟ್ಟಿಕೊಂಡು ಬಂದು ನಿಂತನು. ಅವನನ್ನು ಕಳಿಸಿಬಿಡೋಣ, ಮೊದಲು ಹಾಳೆ ತೆಗೆಯೋಣ ಎಂದು ನಾನು ಫೋನಿನಲ್ಲಿ ಹೇಳಿದಾಗ ಭಾವಮೈದುನನ ಉತ್ತರ ಇಷ್ಟೇ: "ಮಾಮಾ, ಇವತ್ತ ಬಿಟ್ರ ಟ್ರ್ಯಾಕ್ಟರ್ ಇನ್ನ ಎಂಟ ದಿನಾ ಸಿಗೂದಿಲ್ಲ." ನಾಲ್ಕು ಆಳು ಹಚ್ಚಿ ಕೈಗೆ ಬಂದಷ್ಟು ಹಾಳೆಯನ್ನು ಬೆಳಿಗ್ಗೆಯೇ ಎಳೆದು ಹಾಕಿದರು, ಮಣ್ಣು ಮೆತ್ತಿದ್ದಂತೆಯೇ. ಉಳಿದದ್ದರ ಮೇಲೆ ರೋಟಾವೇಟರಿನ ಕತ್ತಿಗಳು ತಿರುಗಿದವು. ಒಂದೂವರೆ ತಾಸಿನಲ್ಲಿ ಹರಕು ಪಟ್ಟಿಗಳು ಅಂಗೈಯಗಲದ ಚೂರಾದವು, ಅಂಗೈಯಗಲದವು ಬೆರಳಗಲವಾದವು. ಈ ಇಡೀ ಪ್ರಕರಣದಲ್ಲಿ ಹಿಂದಕ್ಕೆ ಪಡೆಯಲಾಗದ ತಾಸು ಯಾವುದು ಎಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷವದು. ಬೋರ್ ನೀರು ಇಳಿದಿದ್ದರಿಂದ ಹಾಳೆಯಿಲ್ಲದೆ ಮೆಣಸು ಹಚ್ಚುವುದು ಸಾಧ್ಯವೇ ಇರಲಿಲ್ಲ. ಮರುವರ್ಷಕ್ಕೆಂದು ಅಟ್ಟದ ಮೇಲೆ ಇಟ್ಟಿದ್ದ ರೋಲುಗಳು ಕೆಳಗಿಳಿದವು. 2024ರ ಬೇಸಿಗೆಯಲ್ಲಿ ಆ ಹಾಳೆಯನ್ನು ಕಿತ್ತಾಗ ನೆಲ ಕಲ್ಲಾಗಿತ್ತು, ಅಂಚುಗಳೆಲ್ಲ ಒಳಗೇ ಉಳಿದವು. ಎರೆ ನೆಲ ಬರದಲ್ಲಿ ಬಿರುಕು ಬಿಡುವುದು ಎಲ್ಲರಿಗೂ ಗೊತ್ತು. ಮೊಳಕೈ ಇಳಿಯುವಷ್ಟು ಆಳದ ಒಂದು ಬಿರುಕಿನಲ್ಲಿ ಇಣುಕಿದಾಗ ಬೆಳ್ಳಿ ಬಣ್ಣದ ಒಂದು ಪಟ್ಟಿ ಒಳಗೋಡೆಗೆ ಅಂಟಿಕೊಂಡು ತೂಗುತ್ತಿರುವುದು ಕಾಣಿಸಿತು. ಮಳೆ ಬಿದ್ದು ಬಿರುಕು ಮುಚ್ಚಿದ ಮೇಲೆ ಅದನ್ನು ಯಾವ ಕುಂಟೆಯೂ ಮೇಲಕ್ಕೆ ತರದು.

ಉಳಿದದ್ದರ ಲೆಕ್ಕ

ವ್ಯಾಪಾರಿ ಬಿಟ್ಟುಹೋದ ರಾಶಿ ಈ ಎರಡು ವರ್ಷಗಳದ್ದು. ಅದೇ ವಾರ ಅದನ್ನು ಟ್ರೇಲರಿನಲ್ಲಿ ಪಟ್ಟಣದ ಗುಜರಿ ಅಂಗಡಿಗೆ ಒಯ್ದು ಕಾಟಾ ಮಾಡಿಸಿದೆವು: 310 ಕೆ.ಜಿ. ಅಲ್ಲಿಯೂ ಬೇಡವೆಂದರು, ಮರಳಿ ತಂದೆವು. ಆಮೇಲೆ ಅದರಿಂದ ಒಂದು ಕೆ.ಜಿ. ತೂಗಿ ತೆಗೆದು, ದನದ ಬಾನಿಯಲ್ಲಿ ನೆನೆಹಾಕಿ, ಮೂರು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿದೆವು. ಉಳಿದದ್ದು 350 ಗ್ರಾಂ ಹಾಳೆ. ಮಿಕ್ಕ 650 ಗ್ರಾಂ ಬರೀ ಹೊಲ. ಗುಜರಿಯವನ ಮಾತು ಅಕ್ಷರಶಃ ನಿಜವಾಗಿತ್ತು. ತೊಳೆಯಲು ಐದು ಕೊಡ ನೀರು, ಅಂದರೆ 65 ಲೀಟರಿನಷ್ಟು ಹಿಡಿಯಿತು. ಇಡೀ ರಾಶಿಯನ್ನು ಹೀಗೆ ತೊಳೆಯಬೇಕಾದರೆ ಇಪ್ಪತ್ತು ಸಾವಿರ ಲೀಟರ್ ಬೇಕು. ನೀರು ಉಳಿಸಲೆಂದು ಹಾಸಿದ ಹಾಳೆಯನ್ನು ತೊಳೆಯಲು ಅಷ್ಟು ನೀರು ಸುರಿಯಿರಿ ಎಂದು ಈ ಊರಿನಲ್ಲಿ ಯಾರಿಗೂ ಹೇಳುವಂತಿಲ್ಲ.

ಐದು ಅಡಿಗೊಂದು ಮಡಿಯಂತೆ ಎರಡು ಎಕರೆಗೆ ಹದಿಮೂರು ರೋಲು ಮುಗಿದು ಹದಿನಾಲ್ಕನೆಯದೂ ಸ್ವಲ್ಪ ಬೇಕಾಗುತ್ತದೆ. ರೋಲಿಗೆ 8 ಕೆ.ಜಿ.ಯಂತೆ ಒಂದು ವರ್ಷಕ್ಕೆ 106 ಕೆ.ಜಿ., ಎರಡು ವರ್ಷಕ್ಕೆ 212 ಕೆ.ಜಿ. ಹೊಲಕ್ಕೆ ಹೋಯಿತು. 310 ಕೆ.ಜಿ. ರಾಶಿಯಲ್ಲಿ ನಿಜವಾದ ಹಾಳೆ 108 ಕೆ.ಜಿ.ಯಷ್ಟು. ಅಂದರೆ ಸುಮಾರು 104 ಕೆ.ಜಿ., ಹೆಚ್ಚುಕಡಿಮೆ ಅರ್ಧ, ಹೊರಗೆ ಬಂದಿಲ್ಲ. ಇದು ಅಂದಾಜು, ಗಾಳಿಗೆ ಹಾರಿದ್ದು, ಹಳ್ಳಕ್ಕೆ ಕೊಚ್ಚಿಹೋದದ್ದು ಎಷ್ಟೆಂದು ಇದರಲ್ಲಿ ಬೇರ್ಪಡಿಸಿಲ್ಲ. ಎಕರೆಗೆ 52 ಕೆ.ಜಿ. ಎಂದು ಕೇಳಿದರೆ ಏನೂ ಅನಿಸುವುದಿಲ್ಲ. ಚದರ ಮೀಟರಿಗೆ ಹದಿಮೂರು ಗ್ರಾಂ ಎಂದರೆ ಇನ್ನೂ ಕಡಿಮೆ ಅನಿಸುತ್ತದೆ. ಆದರೆ ಇಷ್ಟು ತೆಳುವಾದ ಹಾಳೆಯ ಹದಿಮೂರು ಗ್ರಾಂ ಎಂದರೆ ಮುಕ್ಕಾಲು ಚದರ ಮೀಟರ್. ಹೊಲದ ಮುಕ್ಕಾಲು ಭಾಗವನ್ನು ಮುಚ್ಚುವಷ್ಟು ಹಾಳೆ ಈಗಲೂ ಇದೆ, ಮಣ್ಣಿನ ಮೇಲಲ್ಲ, ಒಳಗೆ.

ಪರೀಕ್ಷೆಗೆಂದು ಹೊಲದ ನಡುವೆ ಒಂದು ಮೀಟರ್ ಚೌಕವನ್ನು ಒಂದು ಗೇಣು ಆಳಕ್ಕೆ ಅಗೆದು, ಮಣ್ಣನ್ನು ತಾಡಪತ್ರಿಯ ಮೇಲೆ ಹರವಿ, ಜೋಳದ ಜರಡಿಯಲ್ಲಿ ಹಿಡಿದೆವು. ಅತ್ತೆಯವರು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕುಳಿತು ಆರಿಸಿದರು. ಸಿಕ್ಕ ಚೂರುಗಳನ್ನು ತೊಳೆದು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದಾಗ ಎಂಟು ಗ್ರಾಂ ಇದ್ದವು. ಮಿಕ್ಕದ್ದು ಗೇಣಿಗಿಂತ ಆಳದಲ್ಲಿರಬಹುದು, ಅಥವಾ ಜರಡಿಯ ಕಣ್ಣಿನಲ್ಲಿ ಇಳಿದುಹೋಗುವಷ್ಟು ಸಣ್ಣದಾಗಿರಬಹುದು. ಐದು ಮಿಲಿಮೀಟರಿಗಿಂತ ಕಿರಿದಾದ ಚೂರಿಗೆ ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. ಅತ್ತೆಯವರ ಬೆರಳು ಅಲ್ಲಿಗೇ ಸೋಲುತ್ತದೆ.

ಇದರಿಂದ ಬೆಳೆಗೆ ಏನಾಯಿತು? 2024ರ ಮುಂಗಾರಿನಲ್ಲಿ ಹಚ್ಚಿದ ಮೆಣಸಿನ ಅಗಿಗಳು ಕೆಲವು ಕಡೆ ಗುಂಪುಗುಂಪಾಗಿ ಕುಂಠಿತಗೊಂಡವು. ಅಂಥ ಒಂದು ಗಿಡವನ್ನು ಕಿತ್ತು ನೋಡಿದಾಗ ತಾಯಿಬೇರು ಒಂದು ಮಡಿಚಿದ ಹಾಳೆಯ ಚೂರಿಗೆ ತಾಗಿ ಅಡ್ಡಕ್ಕೆ ಹೊರಳಿತ್ತು, ಚೂರಿನ ಮೇಲೆ ನೀರು ನಿಂತು ಮಣ್ಣು ಹುಳಿ ನಾರುತ್ತಿತ್ತು. ಆದರೆ ಎಲ್ಲ ಕುಂಠಿತ ಗಿಡಗಳ ಬುಡದಲ್ಲೂ ಹಾಳೆ ಸಿಗಲಿಲ್ಲ, ಆ ವರ್ಷ ಮಳೆಯೂ ಜಾಸ್ತಿಯಾಗಿತ್ತು. ಹೀಗಾಗಿ ಇಳುವರಿಯ ಇಳಿತವನ್ನೆಲ್ಲ ಪ್ಲಾಸ್ಟಿಕ್ಕಿನ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಈ ವಿಷಯದಲ್ಲಿ ಹೆಚ್ಚು ಅನುಭವ ಇರುವುದು ಚೀನಾಕ್ಕೆ. ದಶಕಗಳ ಕಾಲ ಅತಿ ತೆಳುವಾದ ಹಾಳೆ ಹಾಸಿದ ಅಲ್ಲಿನ ಹೊಲಗಳ ಸ್ಥಿತಿಗೆ 'ಬಿಳಿ ಮಾಲಿನ್ಯ' ಎಂಬ ಹೆಸರೇ ಬಂದಿದೆ. ಅಲ್ಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಹೆಕ್ಟೇರಿಗೆ 240 ಕೆ.ಜಿ. ಮೀರಿ ಹಾಳೆ ಉಳಿದಾಗ ಇಳುವರಿ ಸ್ಪಷ್ಟವಾಗಿ ಕುಸಿಯುತ್ತದೆ. ಎಕರೆಗೆ ಇದು 97 ಕೆ.ಜಿ. ನಮ್ಮ ಹೊಲ ಎರಡೇ ವರ್ಷದಲ್ಲಿ ಅದರ ಅರ್ಧ ದಾರಿಯನ್ನು ಕ್ರಮಿಸಿದೆ. ಚೀನಾ 2017ರಲ್ಲಿ ತನ್ನ ಕನಿಷ್ಠ ದಪ್ಪದ ಮಾನದಂಡವನ್ನು 8ರಿಂದ 10 ಮೈಕ್ರಾನಿಗೆ ಏರಿಸಿತು, ಮುಖ್ಯವಾಗಿ ಕೀಳುವಾಗ ಹಾಳೆ ಹರಿಯಬಾರದೆಂದು.

ದನ, ಒಲೆ, ದೇಹ

ಮನೆಯ ಎಮ್ಮೆಯ ಸಗಣಿಯಲ್ಲಿ ಬೆಳ್ಳಿ ಬಣ್ಣದ ಎಳೆಯೊಂದು ಕಂಡದ್ದು 2024ರ ದೀಪಾವಳಿಯ ಹೊತ್ತಿಗೆ, ಹಬ್ಬಕ್ಕೆ ಸಗಣಿಯಿಂದ ಪಾಂಡವರನ್ನು ಮಾಡಿ ಇಡಲು ಅದನ್ನು ತಂದಾಗ. ದನ ತುಟಿಯಿಂದ ಆರಿಸಿ ತಿನ್ನುವುದಿಲ್ಲ. ನಾಲಿಗೆಯಿಂದ ಮೇವನ್ನು ಸುತ್ತಿ ಒಳಗೆಳೆಯುತ್ತದೆ, ಬದುವಿನ ಹುಲ್ಲಿನಲ್ಲಿ ಸಿಕ್ಕ ಪಟ್ಟಿಯೂ ಅದರೊಂದಿಗೆ ಹೋಗುತ್ತದೆ. ಸಣ್ಣ ಎಳೆ ಸಗಣಿಯಲ್ಲಿ ಹೊರಬೀಳಬಹುದು. ದೊಡ್ಡದು ಮೆಲುಕಿನ ಹೊಟ್ಟೆಯಲ್ಲೇ ಉಳಿದು, ಹಗ್ಗ, ಕ್ಯಾರಿಬ್ಯಾಗುಗಳೊಂದಿಗೆ ಗಂಟಾಗಿ, ಮೇಲಿಂದ ಮೇಲೆ ಹೊಟ್ಟೆಯುಬ್ಬರ, ಹಾಲಿನ ಇಳಿತ, ಸಗಣಿ ಕಟ್ಟುವುದು ಹೀಗೆ ತೋರಿಸಿಕೊಳ್ಳುತ್ತದೆ. ಆಗ ಎಡಪಕ್ಕೆ ಕೊಯ್ದು ಕೈಯಿಂದ ಹೊರತೆಗೆಯುವುದಲ್ಲದೆ ಬೇರೆ ಉಪಾಯವಿಲ್ಲ. ಈ ಎಮ್ಮೆಗೆ ಅಲ್ಲಿಯವರೆಗೆ ಬಂದಿಲ್ಲ. ಆದರೆ ಸಗಣಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯ ಗೊಬ್ಬರ ಹಾಳೆಯನ್ನೇ ಹಾಸದ ಆ ಮೂರು ಎಕರೆಗೂ ಹೋಗುತ್ತದೆ.

ಬೆಂಕಿಯ ವಿಷಯ ಇದಕ್ಕಿಂತ ಹತ್ತಿರದ್ದು. ಹಾಳೆಯ ಚೂರನ್ನು ನೀರೊಲೆ ಹೊತ್ತಿಸಲು ಬಳಸುವುದು ಈ ಮನೆಯಲ್ಲಿ ಮಾತ್ರವಲ್ಲ, ಓಣಿಯ ಹಲವು ಮನೆಗಳಲ್ಲಿ ನಾನು ಕಂಡದ್ದು. ಮೆಕ್ಕೆಜೋಳದ ಬೆಂಡು ಹಸಿಯಾಗಿದ್ದರೂ ಒಂದು ಹಿಡಿ ಪೇಪರ್ ಇಟ್ಟರೆ ತಕ್ಷಣ ಹತ್ತಿಕೊಳ್ಳುತ್ತದೆ. ಪಾಲಿಥಿನ್ನಿನಲ್ಲಿ ಕ್ಲೋರಿನ್ ಇಲ್ಲವಾದ್ದರಿಂದ ಅದೊಂದೇ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎನ್ನುವುದು ಸರಿಯಲ್ಲ. ಆದರೆ ಅರೆಬೆಂದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಮಸಿಯ ಅತಿ ಸಣ್ಣ ಕಣ, ಕ್ಯಾನ್ಸರಿಗೆ ಕಾರಣವಾಗಬಲ್ಲ ಬಹುವಲಯ ಹೈಡ್ರೋಕಾರ್ಬನ್‌ಗಳು ಇರುತ್ತವೆ. ಬದುವಿನ ಮೇಲಿನ ಬೆಂಕಿಯಲ್ಲಿ ಹಾಳೆ ಒಂದೇ ಇರುವುದಿಲ್ಲ: ಪಿವಿಸಿ ಪೈಪಿನ ತುಂಡು, ಕೀಟನಾಶಕದ ಬಾಟಲಿ, ಔಷಧಿ ಮೆತ್ತಿದ ಎಲೆ ಎಲ್ಲ ಸೇರಿರುತ್ತವೆ, ಕ್ಲೋರಿನ್ ಇರುವ ಪಿವಿಸಿ ಸೇರಿದ ಮೇಲೆ ಡಯಾಕ್ಸಿನ್ ಮಾತು ಉತ್ಪ್ರೇಕ್ಷೆಯಲ್ಲ. ನೀರೊಲೆಯ ಮುಂದೆ ದಿನವೂ ಕೂರುವುದು ಅತ್ತೆಯವರು. ಅವರ ಕೆಮ್ಮಿಗೆ ಇದೇ ಕಾರಣವೆಂದು ಯಾವ ವೈದ್ಯರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಒಲೆಯ ಬಾಯಿಂದ ಆ ಚೂರುಗಳ ಬುಟ್ಟಿಯನ್ನು ದೂರ ಇಡಿಸಲು ಅಷ್ಟು ಖಚಿತತೆ ಬೇಕಾಗಿಯೂ ಇರಲಿಲ್ಲ.

ಮಣ್ಣಿನಲ್ಲಿರುವ ಕಣ ಊಟದ ತಟ್ಟೆಗೆ ಬರುತ್ತದೆಯೇ ಎಂಬುದು ಊರಿನವರು ಹೆಚ್ಚಾಗಿ ಕೇಳುವ ಪ್ರಶ್ನೆ. ಗೋಧಿ ಮತ್ತು ಲೆಟಿಸ್ ಸೊಪ್ಪಿನ ಗಿಡಗಳಲ್ಲಿ, ಪಕ್ಕದ ಬೇರು ಹೊಸದಾಗಿ ಒಡೆಯುವ ಜಾಗದ ಬಿರುಕಿನ ಮೂಲಕ ಎರಡು ಮೈಕ್ರಾನಿನವರೆಗಿನ ಕಣ ಒಳಹೋಗಬಲ್ಲದು ಎಂದು 2020ರಲ್ಲಿ ಚೀನಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಮೆಣಸಿನ ಹೊಲದಲ್ಲಿ ಎಷ್ಟು ಹೋಗುತ್ತದೆ ಎಂಬುದಕ್ಕೆ ಆ ಪ್ರಯೋಗ ಉತ್ತರವಲ್ಲ. ಮನುಷ್ಯನ ದೇಹದಲ್ಲಿ ಪ್ಲಾಸ್ಟಿಕ್ ಇದೆಯೆಂಬುದಕ್ಕೆ ಮಾತ್ರ ಈಗ ಸಂದೇಹವಿಲ್ಲ: ನೆದರ್‌ಲ್ಯಾಂಡ್ಸಿನಲ್ಲಿ 22 ಜನರ ರಕ್ತ ಪರೀಕ್ಷಿಸಿ 17 ಜನರಲ್ಲಿ ಕಂಡದ್ದು 2022ರಲ್ಲಿ ಪ್ರಕಟವಾಯಿತು. ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 257 ಇಟಾಲಿಯನ್ ರೋಗಿಗಳನ್ನು ಸುಮಾರು 34 ತಿಂಗಳು ಗಮನಿಸಿದ 2024ರ ಅಧ್ಯಯನ ಇನ್ನೂ ಗಂಭೀರವಾದುದು. ಅವರಲ್ಲಿ 150 ಜನರ ನಾಳದ ಕೊಬ್ಬಿನ ಗಡ್ಡೆಯಲ್ಲಿ ಪಾಲಿಥಿನ್, ಅಂದರೆ ಹೊಲದ ಹಾಳೆಯನ್ನು ಮಾಡುವ ಅದೇ ವಸ್ತು ಇತ್ತು. ಹಾಗೆ ಪ್ಲಾಸ್ಟಿಕ್ ಕಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಉಳಿದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಆ ಅಧ್ಯಯನ ಸಾಧಿಸಿಲ್ಲ, ಎರಡೂ ಒಟ್ಟಿಗೆ ಕಂಡುಬಂದವು ಎಂದಷ್ಟೇ ಹೇಳಿದೆ. ನನಗೆ ಅಷ್ಟೂ ಸಾಕು.

ಕಾನೂನಿಗೆ ಕಾಣದ ಹಾಳೆ

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಕ್ಯಾರಿಬ್ಯಾಗ್, ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ಮುಂತಾದವನ್ನು ನಿಷೇಧಿಸಿತು. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳು ನಿಂತವು, ಆ ವರ್ಷದ ಕೊನೆಗೆ ಕ್ಯಾರಿಬ್ಯಾಗಿನ ಕನಿಷ್ಠ ದಪ್ಪ 120 ಮೈಕ್ರಾನ್ ಆಯಿತು. ರಾಣೆಬೆನ್ನೂರಿನ ಸಂತೆಯಲ್ಲಿ ಮೆಣಸಿನಕಾಯಿಯನ್ನು ತೆಳು ಚೀಲದಲ್ಲಿ ಕಟ್ಟಿಕೊಡುವ ಮುದುಕಿಗೆ ದಂಡ ಬೀಳಬಹುದು. ಅದೇ ಮೆಣಸು ಬೆಳೆದ ಹೊಲದಲ್ಲಿ 18 ಮೈಕ್ರಾನಿನ ಹಾಳೆ ಎಕರೆಗಟ್ಟಲೆ ಹಾಸಿರುವುದು ಆ ಪಟ್ಟಿಗಳಲ್ಲಿ ಎಲ್ಲಿಯೂ ಬರುವುದಿಲ್ಲ. ತಯಾರಕರೇ ತ್ಯಾಜ್ಯವನ್ನು ಹಿಂಪಡೆಯಬೇಕೆಂದು 2022ರ ಫೆಬ್ರುವರಿಯಲ್ಲಿ ಬಂದ ಮಾರ್ಗಸೂಚಿ ಪ್ಯಾಕೇಜಿಂಗ್ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದು. ಹೊಲದ ಹೊದಿಕೆ ಯಾವುದನ್ನೂ ಪ್ಯಾಕ್ ಮಾಡುವುದಿಲ್ಲ. ಪಂಚಾಯಿತಿಯ ಸ್ವಚ್ಛವಾಹಿನಿ ಮನೆಮನೆಯ ಒಣ ಕಸಕ್ಕೆ ಬರುತ್ತದೆ. ಅದನ್ನು ಓಡಿಸುವ ಹೆಣ್ಣುಮಗಳು ರಾಶಿಯನ್ನು ನೋಡಿ, ಒಂದೇ ಟ್ರಿಪ್ಪಿಗೆ ಗಾಡಿ ತುಂಬುತ್ತದೆ, ಇಳಿಸಿಕೊಳ್ಳುವ ಕಡೆಯಲ್ಲಿ ಮಣ್ಣಿನ ಮಾಲು ಬೇಡ ಎನ್ನುತ್ತಾರೆ ಎಂದಳು. ತೊಳೆದು ಮರುಬಳಸಲಾಗದ ಇಂಥ ಪ್ಲಾಸ್ಟಿಕ್ ಸಿಮೆಂಟ್ ಕುಲುಮೆಗೆ ಇಂಧನವಾಗಬಲ್ಲದು. ಆದರೆ ಅದು ಲೋಡುಗಟ್ಟಲೆ ಕಳಿಸಬಲ್ಲವರ ದಾರಿ. ಕೃಷಿ ಮತ್ತು ಪಶುಪಾಲನೆಯಲ್ಲಿ ಜಗತ್ತು ವರ್ಷಕ್ಕೆ 1.25 ಕೋಟಿ ಟನ್ ಪ್ಲಾಸ್ಟಿಕ್ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಅಂದಾಜಿಸಿದೆ. ಹಾಸಲು ಸಹಾಯಧನ ಕೊಡುವ ವ್ಯವಸ್ಥೆ ಕೀಳಲು ಒಂದು ಆಳಿನ ಪಗಾರವನ್ನಾದರೂ ಅದಕ್ಕೆ ಸೇರಿಸಿದ್ದರೆ ಈ ಬರಹದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

2025ರ ಮುಂಗಾರು

ಹಾಳೆಯನ್ನು ಪೂರ್ತಿ ಬಿಡಿ ಎಂದು ಮನೆಯವರಿಗೆ ನಾನು ಹೇಳಲಿಲ್ಲ, ಹೇಳಿದ್ದರೆ ಕೇಳುತ್ತಲೂ ಇರಲಿಲ್ಲ. ಮಣ್ಣಿನಲ್ಲೇ ಕರಗುವ ಹಾಳೆಯನ್ನು ವಿಚಾರಿಸಿದೆವು. ಎರಡು ವರ್ಷದೊಳಗೆ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕೆಂಬ ಯುರೋಪಿನ ಮಾನದಂಡಕ್ಕೆ ಒಪ್ಪುವ ಹಾಳೆ ಬೆಲೆಯಲ್ಲಿ ಕೈಗೆಟುಕಲಿಲ್ಲ. 'ತಾನೇ ಪುಡಿಯಾಗುತ್ತದೆ' ಎಂದು ಅಂಗಡಿಯಲ್ಲಿ ತೋರಿಸಿದ ಇನ್ನೊಂದು ಬಗೆಯದನ್ನು ನಾನೇ ಬೇಡವೆಂದೆ. ಕರಗದೆ ಬರೀ ಪುಡಿಯಾಗುವುದು ನಮ್ಮ ಹೊಲದಲ್ಲಿ ಈಗಾಗಲೇ ಪುಕ್ಕಟೆಯಾಗಿ ನಡೆದಿದೆ. ಅಂಥ ಪ್ಲಾಸ್ಟಿಕ್ಕನ್ನು ಐರೋಪ್ಯ ಒಕ್ಕೂಟ 2021ರಲ್ಲಿ ನಿಷೇಧಿಸಿದೆ.

ಕೊನೆಗೆ ಒಂದು ಎಕರೆಗೆ 30 ಮೈಕ್ರಾನಿನ ರೋಲುಗಳನ್ನು, ಅಂಗಡಿಯ ಕಾಟಾದ ಮೇಲೆ ಒಂದೊಂದನ್ನೂ ತೂಗಿಸಿ ತಂದರು. ಇನ್ನೊಂದು ಎಕರೆಗೆ ಕಬ್ಬಿನ ರವದಿ, ಅಂದರೆ ಒಣ ಎಲೆ, ಹಾಸಿದರು. ಅಲ್ಲಿ ಕಸ ಎರಡು ಸಲ ತೆಗೆಯಬೇಕಾಯಿತು, ಥ್ರಿಪ್ಸಿನ ಕಾಟವೂ ಹೆಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹಾಳೆಯ ಮೇಲೆ ಎರಡನೆಯ ಬೆಳೆ ಹಚ್ಚುವುದಿಲ್ಲವೆಂದು ನಿರ್ಧರಿಸಿದ್ದಾರೆ. ಕೀಳುವ ಮೊದಲು ಡ್ರಿಪ್ಪಿನಲ್ಲಿ ತುಸು ನೀರು ಬಿಟ್ಟು, ಮೂರನೆಯ ದಿನ ಹದ ನೋಡಿ, ಹಳೆಯ ಸೈಕಲ್ಲಿನ ಗಾಲಿಗೆ ಹಾಳೆಯನ್ನು ಸುತ್ತುತ್ತ ಎಳೆಯುವ ಉಪಾಯವನ್ನು ಭಾವಮೈದುನ ಹೂಡಿದ್ದಾನೆ. ಒಂದು ಮಡಿಯಲ್ಲಿ ಪ್ರಯತ್ನಿಸಿ ನೋಡಿದಾಗ ಹಾಳೆ ಹರಿಯದೆ ಬಂತು, ಮಣ್ಣು ಕೈಯಿಂದ ತಟ್ಟಿದರೆ ಉದುರುವಷ್ಟಿತ್ತು. ಅದನ್ನು ಅದೇ ಗುಜರಿ ವ್ಯಾಪಾರಿಗೆ ತೋರಿಸಿದಾಗ ಅವನು ಬೆರಳಿನಿಂದ ಉಜ್ಜಿ ನೋಡಿ, "ಹಿಂಗಿದ್ರ ನೋಡೂಣ್ರಿ" ಎಂದನು. ರೇಟು ಹೇಳಲಿಲ್ಲ.

"ಕಸಾ ಆಯೂ ಕೆಲಸ ತಪ್ಪಿತಂದ್ರ ಪೇಪರ್ ಆಯೂ ಕೆಲಸ ಗಂಟ ಬಿತ್ತು ನೋಡ್ರಿ ಅಳಿಯಂದ್ರ" ಎಂದು ಮಾವನವರು ನಗುತ್ತಾರೆ. ಹೊಲಕ್ಕೆ ಹೋದಾಗಲೆಲ್ಲ ಕಣ್ಣಿಗೆ ಬಿದ್ದ ಚೂರುಗಳನ್ನು ಹೆಕ್ಕಿ, ಬೇವಿನ ಕೊಂಬೆಗೆ ತೂಗುಹಾಕಿದ ಯೂರಿಯಾ ಚೀಲದೊಳಗೆ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಮಳೆ ಬಿದ್ದು ಮಣ್ಣು ತೊಳೆದ ಮರುದಿನ ಹೆಚ್ಚು ಸಿಗುತ್ತವೆಯಂತೆ. ಆರು ತಿಂಗಳಲ್ಲಿ ಆ ಚೀಲದಲ್ಲಿ ಸೇರಿದ್ದು ಎರಡು ಕೆ.ಜಿ. ಚೀಲದ ಕೆಳಗೆ 310 ಕೆ.ಜಿ.ಯ ರಾಶಿ, ಗಾಳಿಗೆ ಹಾರದಂತೆ ಹಳೆಯ ತಾಡಪತ್ರಿ ಹೊದಿಸಿ ನಾಲ್ಕು ಮೂಲೆಗೆ ಕಲ್ಲು ಹೇರಿದ್ದು, ಹಾಗೆಯೇ ಇದೆ.